ಹಗಲು ಹಾಕದ ಬಾಗಿಲು

ನಾನು ಟಿವಿ ಧಾರಾವಾಹಿಗಳಲ್ಲಿ ಬಹಳ ವರ್ಷ ದುಡಿದೆ. ಅಲ್ಲಿ ಸಂಚಿಕೆಗೊಮ್ಮೆ ಯಾರಾದರೂ ಬಾಗಿಲು ತಟ್ಟುತ್ತಾರೆ, ಒಳಗಿದ್ದವರು ಬೆಚ್ಚಿಬೀಳುತ್ತಾರೆ, ಜಾಹೀರಾತು ಬರುತ್ತದೆ. ಆ ಸದ್ದು ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದೆ. ಆದರೂ ಸೆಟ್ಟಿನಲ್ಲಿ ಯಾರಾದರೂ ಬಾಗಿಲು ತಟ್ಟಿದಾಗಲೆಲ್ಲ ನನಗೆ ಶಿಡ್ಲಘಟ್ಟದ ಒಂದು ಮನೆ, ಆ ಮನೆಯ ನಡುವೆ ಮೊರ ಹಿಡಿದು ಕೂತ ನನ್ನ ಚಿಕ್ಕಮ್ಮ ನೆನಪಾಗುತ್ತಾಳೆ. ನೆನಪಾದರೆ ಸಂತೋಷವೇನೂ ಆಗುವುದಿಲ್ಲ, ಸುಸ್ತಾಗುತ್ತದೆ.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಚಿಕ್ಕಬಳ್ಳಾಪುರದಿಂದ ದಿನಾ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬಂದು ನಾನು ಸಿನಿಮಾ ಡಿಪ್ಲೊಮಾ ಓದುತ್ತಿದ್ದೆ. ಹೋಗುವಾಗ ನಿಂತೇ ಹೋಗಬೇಕು, ಬರುವಾಗಲೂ ನಿಂತೇ ಬರಬೇಕು. ಹೈಸ್ಕೂಲು ಮೇಷ್ಟರಾಗಿದ್ದ ಅಪ್ಪನಿಗೆ ಈ ಓದಿನ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಹಿಂದಿನ ವರ್ಷ ನಾನು ಬರೆದ ಕಥೆಗೆ ಕಾಲೇಜಿನವರು ಫಿಲ್ಮ್ ಕೊಟ್ಟಿರಲಿಲ್ಲ. ಇಡೀ ತರಗತಿಗೆ ಬರುತ್ತಿದ್ದದ್ದೇ ಕೆಲವು ಡಬ್ಬಿ ಫಿಲ್ಮು. ಯಾರ ಕಥೆ ಕಾಲೇಜಿನ ಮೇಷ್ಟರಿಗೆ ಒಪ್ಪಿಗೆಯಾಗುತ್ತದೋ ಅವರಿಗೆ ಮಾತ್ರ. ಈ ಸಲವೂ ಸಿಗದಿದ್ದರೆ ಸುಮ್ಮನೆ ಬಿ.ಎಡ್. ಸೇರಬೇಕೆಂದು ಅಪ್ಪ ಹೇಳಿಬಿಟ್ಟಿದ್ದರು. ಅಪ್ಪ ಒಮ್ಮೆ ಹೇಳಿದರೆ ಹೇಳಿದಂತೆಯೇ. ಹಾಗಾಗಿ ಆ ಡಬ್ಬಿ ನನಗೆ ಬೇಕೇ ಬೇಕಿತ್ತು.

ಆ ವರ್ಷ ಕೊಟ್ಟ ಪಾಠ ಇಷ್ಟು: ಒಂದು ಥ್ರಿಲ್ಲರ್ ಸಿನಿಮಾದ ಮೊದಲ ದೃಶ್ಯ ಬರೆಯಬೇಕು, ಅದರಲ್ಲಿ ಮಾತಿರಕೂಡದು. ಮೊದಲು ಎಲ್ಲಾದರೂ ವಿಡಿಯೋ ಕ್ಯಾಮೆರಾ ಹೊಂದಿಸಿಕೊಂಡು ಟೆಸ್ಟ್ ಶೂಟ್ ಮಾಡಿ ತೋರಿಸಬೇಕು. ಅದು ಒಪ್ಪಿಗೆಯಾದರೆ ಫಿಲ್ಮು. ನಾನು ಬರೆದೆ. ಮಧ್ಯಾಹ್ನ, ಮನೆಯಲ್ಲಿ ಒಬ್ಬಳೇ ಹೆಂಗಸು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾಳೆ. ಬಾಗಿಲು ಹಾಕಿದೆ. ಯಾರೋ ಬಾಗಿಲು ತಟ್ಟುತ್ತಾರೆ. ಅವಳು ಬೆಚ್ಚಿಬೀಳುತ್ತಾಳೆ. ಮತ್ತೆ ತಟ್ಟುತ್ತಾರೆ. ಎದ್ದು ಹೋಗಿ ಚಿಲಕ ತೆಗೆದರೆ ಎದುರಿಗೆ ಕೊಲೆಗಾರ. ಕೈಯಿಂದ ಮೊರ ಜಾರಿ ಅಕ್ಕಿ ನೆಲಕ್ಕೆ ಚೆಲ್ಲುತ್ತದೆ. ಬರೆದು ಮುಗಿಸಿದಾಗ ನನಗೇ ಮೈ ಜುಂ ಅಂದಿತ್ತು. ನಮ್ಮ ಕಡೆ ಯಾವ ಮನೆಯಲ್ಲಿ ಹಗಲು ಹೊತ್ತು ಬಾಗಿಲು ಹಾಕಿರುತ್ತಾರೆ ಎಂದು ಯೋಚಿಸುವಷ್ಟು ಬುದ್ಧಿ ಆಗ ಇರಲಿಲ್ಲ.

ಆ ಹೆಂಗಸಿನ ಪಾತ್ರಕ್ಕೆ ಅಮ್ಮನ ತಂಗಿ, ಶಿಡ್ಲಘಟ್ಟದ ಚಿಕ್ಕಮ್ಮನನ್ನು ಒಪ್ಪಿಸಿದೆ. ಅವಳ ಮನೆ ರೇಷ್ಮೆ ನೂಲು ತೆಗೆಯುವ ಬೀದಿಯಲ್ಲಿತ್ತು. ಉದ್ದಕ್ಕೆ ಒಂದು ನಡುಮನೆ, ಅದರ ತುದಿಗೆ ನೇರವಾಗಿ ಬೀದಿ ಬಾಗಿಲು. ಚಿತ್ರಕ್ಕೆ ಹೇಳಿ ಮಾಡಿಸಿದಂತಿತ್ತು. ಚಿಕ್ಕಮ್ಮ ಬೆಳಿಗ್ಗೆ ಪಕ್ಕದ ಶೆಡ್ಡಿನಲ್ಲಿ ರೇಷ್ಮೆಗೂಡು ಆರಿಸುವ ಕೆಲಸಕ್ಕೆ ಹೋಗಿ ಮಧ್ಯಾಹ್ನ ಮನೆಗೆ ಬರುತ್ತಿದ್ದಳು.

ಅವಳ ಗಂಡನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಆಮೇಲೆ ಹೇಳುವಂಥದ್ದೇನಲ್ಲ. ಚಿಕ್ಕಪ್ಪ ಸಂತೆಗಳಲ್ಲಿ ರೇಷ್ಮೆಗೂಡು ಕೊಂಡು ತಂದು ಇಲ್ಲಿನವರಿಗೆ ಕೊಡುತ್ತಿದ್ದ. ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದಾಗ ಒಂದು ಬೆಳಿಗ್ಗೆ ಚಿಂತಾಮಣಿಗೆ ಹೋಗಿ ಬರುತ್ತೇನೆಂದು ಹೊರಟವನು ವಾಪಸ್ಸು ಬರಲಿಲ್ಲ. ಜಗಳವಾಡಿದ್ದನ್ನು ಯಾರೂ ಕಂಡಿರಲಿಲ್ಲ. ಒಬ್ಬರು ಗೌರಿಬಿದನೂರು ಬಸ್‌ಸ್ಟ್ಯಾಂಡಿನಲ್ಲಿ ನೋಡಿದೆ ಎಂದರು. ಇನ್ನೊಬ್ಬರು ಮಂಚೇನಹಳ್ಳಿಯಲ್ಲಿ ಟೀ ಕುಡಿಯುತ್ತಿದ್ದ ಎಂದರು. ಅಪ್ಪ ಅಲ್ಲೆಲ್ಲ ಅಲೆದು ಚಪ್ಪಲಿ ಸವೆಸಿಕೊಂಡು ಬಂದರು. ಚಿಕ್ಕಮ್ಮ ಯಾರ ಮುಂದೆಯೂ ಅಳಲಿಲ್ಲ. ನಗುತ್ತಿದ್ದಳು, ಸಿನಿಮಾಕ್ಕೆ ಹೋಗುತ್ತಿದ್ದಳು, ನಲ್ಲಿಯ ಹತ್ತಿರ ಜಗಳವಾಡುತ್ತಿದ್ದಳು. ಬಾಗಿಲು ಮಾತ್ರ ಹಾಕುತ್ತಿರಲಿಲ್ಲ. ಹಗಲಲ್ಲಿ ಆ ಬೀದಿಯಲ್ಲಿ ಯಾರೂ ಹಾಕುತ್ತಿರಲಿಲ್ಲ, ಅದರಲ್ಲೇನೂ ವಿಶೇಷವಿಲ್ಲ. ಆದರೆ ಇವಳು ರಾತ್ರಿಯೂ ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳೇ ಹೊರತು ಚಿಲಕ ಹಾಕುತ್ತಿರಲಿಲ್ಲ. ಯಾಕೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಆ ಮಾತು ತೆಗೆಯುತ್ತಿರಲಿಲ್ಲ.

ಟೆಸ್ಟ್ ಶೂಟ್ ನಡೆದದ್ದು ಆಷಾಢದಲ್ಲಿ. ಮದುವೆಗಳಿಲ್ಲ, ಕ್ಯಾಮೆರಾ ಸುಮ್ಮನೆ ಕೂತಿದೆ ಎಂದು ಚಿಕ್ಕಬಳ್ಳಾಪುರದ ಮದುವೆ ವಿಡಿಯೋದವನೊಬ್ಬ ಬರಲು ಒಪ್ಪಿದ. ಹೆಗಲ ಮೇಲೆ ಹೊರುವ ದೊಡ್ಡ ಕ್ಯಾಮೆರಾ, ಲೈಟು, ವೈರುಗಳ ಚೀಲ, ಸ್ಟ್ಯಾಂಡು. ಎಲ್ಲವನ್ನೂ ಬಸ್ಸಿಗೆ ತುರುಕುವಷ್ಟರಲ್ಲಿ ಕಂಡಕ್ಟರನ ಜೊತೆ ನನ್ನ ಮೊದಲ ಜಗಳ ಮುಗಿದಿತ್ತು. ಕೊಲೆಗಾರನ ಪಾತ್ರಕ್ಕೆ ಚಿಂತಾಮಣಿ ಕಡೆಯ ನನ್ನ ಸಹಪಾಠಿ ಆ ಕಡೆಯ ಬಸ್ಸಿನಲ್ಲಿ ಬಂದಿಳಿದ. ಎತ್ತರದ ಆಳು, ಮುಖದ ತುಂಬ ಗಡ್ಡ, ನೋಡಿದರೆ ಎಂಥವರಿಗೂ ಭಯವಾಗಬೇಕು. ಬಾಯಿ ತೆಗೆದರೆ ಮಾತ್ರ ಪರಮ ಸಾಧು.

ಮೊದಲ ಎಡವಟ್ಟು ಶುರುವಿನಲ್ಲೇ ಆಯಿತು. ವಿಡಿಯೋದವನು ಕ್ಯಾಮೆರಾ ಹೊತ್ತವನೇ ನೇರವಾಗಿ ಗೋಡೆಯ ಮೇಲಿದ್ದ ದೇವರ ಪಟ ಹಿಡಿದ. ಪಟದ ಮೇಲಿನ ಹೂವಿನಿಂದ ನಿಧಾನಕ್ಕೆ ಕೆಳಗಿಳಿದು ಚಿಕ್ಕಮ್ಮನ ಮುಖಕ್ಕೆ ಬಂದ.

"ಅಕ್ಕ, ಇಲ್ಲಿ ನೋಡಿ. ಸ್ವಲ್ಪ ನಗಿ."

ಚಿಕ್ಕಮ್ಮ ನಕ್ಕಳು. ನಾನು ತಲೆ ಚಚ್ಚಿಕೊಂಡೆ. ಇದು ಕೊಲೆಯ ಸಿನಿಮಾ ಎಂದೆ. ಆಗಿರಲಿ, ದೇವರಿಲ್ಲದೆ ಕ್ಯಾಸೆಟ್ ಶುರು ಮಾಡಿದ್ದು ನನ್ನ ಜನ್ಮದಲ್ಲೇ ಇಲ್ಲ ಎಂದ. ಲೈಟು ಹಾಕಿದರೆ ಚಿಕ್ಕಮ್ಮನ ಮುಖ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಾಯಿತು. ಅವನಿಗೆ ಗೊತ್ತಿದ್ದದ್ದು ಮದುವೆ ಮಂಟಪದ ಬೆಳಕು ಮಾತ್ರ. ಬೀದಿಯ ಎರಡೂ ಕಡೆ ನೂಲು ತೆಗೆಯುವ ಯಂತ್ರಗಳು ಒಂದೇ ಸಮನೆ ಗರಗರ ಎನ್ನುತ್ತಿದ್ದವು. ಹುಟ್ಟಿದಾಗಿನಿಂದ ಕೇಳಿದ ಸದ್ದು, ನಮಗೆ ಅದು ಇದೆಯೆಂದೇ ಗೊತ್ತಾಗುತ್ತಿರಲಿಲ್ಲ. ಕ್ಯಾಮೆರಾದ ಹೆಡ್‌ಫೋನ್ ಕಿವಿಗಿಟ್ಟರೆ ಬೇರೇನೂ ಕೇಳಿಸುತ್ತಲೇ ಇರಲಿಲ್ಲ. ಬಾಗಿಲು ತಟ್ಟಿದರೆ ಯಾರಿಗೆ ಕೇಳೀತು ಎಂದು ನನಗೆ ಆಗಲೇ ಅಳುಕು ಶುರುವಾಯಿತು.

"ಚಿಕ್ಕಮ್ಮ, ಈಗ ಬಾಗಿಲು ಹಾಕ್ತೀವಿ. ಇವನು ಹೊರಗಡೆಯಿಂದ ತಟ್ತಾನೆ. ನೀನು ಬೆಚ್ಚಿಬೀಳ್ಬೇಕು" ಎಂದೆ.

"ಬಾಗ್ಲು ಯಾಕಮ್ಮ ಹಾಕ್ಬೇಕು?"

"ಕತೆ ಹಂಗಿದೆ."

"ಹಗಲೊತ್ತು ಬಾಗ್ಲು ಹಾಕಿದ್ರೆ ಮನೇಲಿ ಯಾರೂ ಇಲ್ಲ ಅಂದ್ಕೊತಾರೆ. ಬಂದೋರು ಹಂಗೇ ಹೊರಟೋಗ್ತಾರೆ."

"ಐದು ನಿಮಿಷ ಅಷ್ಟೇ ಚಿಕ್ಕಮ್ಮ."

"ಒಬ್ರು ಬಂದು ಹೊರಟೋಗಕ್ಕೆ ಐದು ನಿಮಿಷ ಬೇಕಾದಷ್ಟಾಯ್ತು ಕಣಮ್ಮ."

ಜೋರಾಗಿಯೇನೂ ಹೇಳಲಿಲ್ಲ. ಮೊರದಲ್ಲಿದ್ದ ಕಲ್ಲೊಂದನ್ನು ಆರಿಸಿ ಪಕ್ಕಕ್ಕಿಡುತ್ತ ಹೇಳಿದಳು. ನಾನು ಬಾಗಿಲು ತಟ್ಟುವ ದೃಶ್ಯವನ್ನು ಅಲ್ಲೇ ಕೈಬಿಟ್ಟೆ. ಬಾಗಿಲು ತೆರೆದೇ ಇರಲಿ, ಚಿಕ್ಕಮ್ಮ ಬಾಗಿಲಿಗೆ ಬೆನ್ನು ಹಾಕಿ ಕೂರಲಿ, ಇವನು ಸದ್ದು ಮಾಡಿಕೊಂಡು ಒಳಗೆ ಬರಲಿ, ಅವಳು ತಿರುಗಿ ನೋಡಿ ಹೆದರಲಿ ಎಂದು ಬದಲಾಯಿಸಿದೆ. ಥ್ರಿಲ್ಲರಿನ ಅರ್ಧ ಪ್ರಾಣ ಅಲ್ಲಿಗೇ ಹೋಯಿತೆಂದು ಒಳಗೊಳಗೇ ಕುದಿಯುತ್ತಿದ್ದೆ.

ಕೊಲೆಗಾರ ಬಂದ. ಹೊಸಿಲ ಹೊರಗೆ ನಿಂತ. ಚಪ್ಪಲಿ ಬಿಟ್ಟ, ಕಾಲಿನಿಂದಲೇ ಎರಡನ್ನೂ ಸರಿಯಾಗಿ ಜೋಡಿಸಿದ, ಆಮೇಲೆ ಕೊಲೆ ಮಾಡಲು ಒಳಗೆ ಬಂದ.

"ಕೊಲೆ ಮಾಡೋಕೆ ಬಂದೋನು ಚಪ್ಪಲಿ ಬಿಟ್ಟು ಬರ್ತಾನೇನೋ?" ಎಂದೆ.

"ಮನೆಯೊಳಗೆ ಚಪ್ಪಲಿ ಹಾಕ್ಕೊಂಡು ಹೆಂಗೆ ಬರೋದು? ದೇವರ ಪಟ ಬೇರೆ ಇದೆ" ಎಂದ.

ಎರಡನೆಯ ಸಲ ಹಾಕಿಕೊಂಡೇ ಬರುತ್ತೇನೆಂದು ಒಪ್ಪಿಕೊಂಡು ಹೋದ. ಹೊಸಿಲ ಹತ್ತಿರ ಬರುತ್ತಿದ್ದಂತೆ ಕಾಲು ತಾನಾಗಿಯೇ ನಿಂತಿತು, ಮತ್ತೆ ಚಪ್ಪಲಿ ಬಿಟ್ಟ. ನಾನು ಬಾಯಿಗೆ ಬಂದಂತೆ ಬೈದೆ. ಚಿಕ್ಕಮ್ಮನಿಗೆ ಅವನ ಮೇಲೆ ಕನಿಕರ ಬಂತು.

"ಬಿಡ್ಲಿ ಬಿಡಮ್ಮ, ಪಾಪ. ಬಿಸಿಲಲ್ಲಿ ಬಂದವ್ನೆ. ಮಜ್ಜಿಗೆ ಕುಡೀತೀಯೇನಪ್ಪ?"

ಕೊಲೆಗಾರ ಚಕ್ಕಳಮಕ್ಕಳ ಹಾಕಿ ಕೂತು ಮಜ್ಜಿಗೆ ಕುಡಿದ. ವಿಡಿಯೋದವನೂ ಕುಡಿದ. ನನ್ನ ಕಣ್ಣ ಮುಂದೆ ಬಿ.ಎಡ್. ಕಾಲೇಜಿನ ಗೇಟು ಕಾಣುತ್ತಿತ್ತು. ನಾನು ಗೋಡೆಗೊರಗಿ ಕಣ್ಣು ಮುಚ್ಚಿದೆ.

ಆಗ ಕರೆಂಟು ಹೋಯಿತು. ಬೀದಿಯ ಯಂತ್ರಗಳೆಲ್ಲ ಒಟ್ಟಿಗೆ ನಿಂತವು, ಲೈಟೂ ಆರಿತು. ಬಾಗಿಲಿನಿಂದ ಬಂದ ಬೆಳಕು ಮಾತ್ರ ನಡುಮನೆಯ ಅರ್ಧದವರೆಗೆ ಬಿದ್ದಿತ್ತು. ಕ್ಯಾಮೆರಾ ಬ್ಯಾಟರಿಯಲ್ಲಿ ನಡೆಯುತ್ತದಲ್ಲ, ಇದೊಂದು ಸಲ ನೋಡೋಣ ಎಂದೆ. ಚಿಕ್ಕಮ್ಮ ಮೊರ ತೊಡೆಯ ಮೇಲಿಟ್ಟುಕೊಂಡಳು. ಬಾಗಿಲಿಗೆ ಬೆನ್ನು, ಕ್ಯಾಮೆರಾಕ್ಕೆ ಮುಖ. ಹೊರಗೆ ಹೆಜ್ಜೆ ಸದ್ದು ಕೇಳಿಸಿತು, ಹೊಸಿಲ ಬಳಿ ನಿಂತಿತು. ಒಂದು ಚಪ್ಪಲಿ ಬಿಟ್ಟ ಸದ್ದು, ಆಮೇಲೆ ಇನ್ನೊಂದು.

ಚಿಕ್ಕಮ್ಮನ ಬೆರಳು ಅಕ್ಕಿಯಲ್ಲಿ ನಿಂತುಹೋಯಿತು. ಕತ್ತು ಮೇಲಕ್ಕೆ ಬಂತು. ತಿರುಗುವ ಮೊದಲೇ ಒಂದು ಕೈ ಸೆರಗನ್ನು ಸರಿಮಾಡಿತ್ತು. ಮುಖವೆಲ್ಲ ಅರಳಿ, ಬಾಯಿ ಅರ್ಧ ತೆರೆದು, ಬಂದ್ರಾ ಎಂದು ಕೇಳುವುದೊಂದೇ ಬಾಕಿ ಎನ್ನುವಂತಿತ್ತು. ತಿರುಗಿ ನೋಡಿದಳು. ಗಡ್ಡದ ಹುಡುಗ ನಿಂತಿದ್ದ. ನೆಂಟರನ್ನು ಕಂಡಾಗ ನಗುವ ಹಾಗೆ ಸುಮ್ಮನೆ ನಕ್ಕಳು.

"ಹೆದರ್ಕೋಬೇಕು ಚಿಕ್ಕಮ್ಮ."

"ಹೆದರ್ಕೊಂಡ್ನಲ್ಲಮ್ಮ?"

ಮತ್ತೆ ತೆಗೆದೆವು. ಅದೇ ಮುಖ. ಮತ್ತೊಮ್ಮೆ ತೆಗೆದೆವು, ಅದೇ ಮುಖ, ಸ್ವಲ್ಪ ಹೆಚ್ಚು ದಣಿದಿತ್ತು. ಬರುವವನು ಯಾರೆಂದು ಅವಳಿಗೆ ಚೆನ್ನಾಗಿ ಗೊತ್ತು, ಆಗತಾನೇ ಅವನಿಗೆ ಮಜ್ಜಿಗೆ ಕೊಟ್ಟಿದ್ದಳು. ಆದರೂ ಹೊಸಿಲ ಬಳಿ ಚಪ್ಪಲಿ ಬಿಟ್ಟ ಸದ್ದು ಕೇಳಿದರೆ ಆ ಮುಖ ಅವಳ ಅಪ್ಪಣೆ ಕೇಳದೆ ಹಾಗಾಗುತ್ತಿತ್ತು.  ಸಾಕು, ಎಲ್ಲ ಕಟ್ಟಿ ಎಂದೆ.

ಕರೆಂಟು ಬಂದ ಮೇಲೆ ವಿಡಿಯೋದವನು ಎದುರುಮನೆಯ ಟಿವಿಗೆ ಕ್ಯಾಮೆರಾದ ವೈರು ಚುಚ್ಚಿದ. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತರು. ದೇವರ ಪಟ ಬಂದಾಗ ಇಬ್ಬರು ಕೈಮುಗಿದರು. ಕೊಲೆಗಾರ ಚಪ್ಪಲಿ ಜೋಡಿಸಿದಾಗ ಮನೆ ಹಾರಿಹೋಗುವಂತೆ ನಕ್ಕರು. ಚಿಕ್ಕಮ್ಮನೂ ಬಾಯಿಗೆ ಸೆರಗು ಮುಚ್ಚಿ ನಗುತ್ತಿದ್ದಳು. ಆಮೇಲೆ ಯಂತ್ರದ ಸದ್ದಿಲ್ಲದ ಆ ಭಾಗ ಬಂತು. ನಗು ನಿಂತಿತು.

"ಇನ್ನೊಂದು ಸಲ ಹಾಕಪ್ಪ" ಎಂದಳು ಚಿಕ್ಕಮ್ಮ.

ಅವನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದ. ಅವಳು ಟಿವಿಯ ಹತ್ತಿರಕ್ಕೆ ಸರಿದು ನೋಡಿದಳು.

"ಸದ್ದಾದ್ರೆ ನನ್ ಮುಖ ಹಿಂಗಾಗುತ್ತಾ?"

 ಆ ಮನೆಯ ಮುದುಕಿ ಎಲೆಯಡಿಕೆ ಅಗಿಯುತ್ತ ಮೆಲ್ಲಗೆ ಹೇಳಿತು: "ಯಾರು ಬಂದ್ರೂ ಹಂಗೇ ನೋಡ್ತೀಯ ಕಣೇ. ಇವತ್ತೇನು ಹೊಸದಾ? ನಾವೆಲ್ಲ ನೋಡ್ತಾನೇ ಇದೀವಲ್ಲ."

ಚಿಕ್ಕಮ್ಮ ಎದ್ದು ಮನೆಗೆ ಹೋದಳು. ಸಂಜೆ ನಮಗೆಲ್ಲ ಮುದ್ದೆ, ಬಸ್ಸಾರು ಬಡಿಸಿದಳು. ವಿಡಿಯೋದವನು ಎರಡೆರಡು ಸಲ ಸಾರು ಹಾಕಿಸಿಕೊಂಡು ಹೊಗಳಿದ. ಅವಳು ಹೂಂ ಎಂದಳೇ ಹೊರತು ಮಾತಿಗೆ ಮಾತು ಬೆಳೆಸಲಿಲ್ಲ. ಕೊನೆಯ ಬಸ್ಸು ಹಿಡಿಯುವ ಆತುರದಲ್ಲಿ ನಾನೂ ಕೆದಕಲಿಲ್ಲ.

ತರಗತಿಯಲ್ಲಿ ಕ್ಯಾಸೆಟ್ ಹಾಕಿದಾಗ ದೇವರ ಪಟ ಬಂದ ತಕ್ಷಣ ಎಲ್ಲರೂ ಗೊಳ್ಳೆಂದು ನಕ್ಕರು. ಚಪ್ಪಲಿ ಬಂದಾಗ ಬೆಂಚು ಬಡಿದರು. ಮಾನ ಹೋಯಿತೆಂದು ನಾನು ತಲೆ ತಗ್ಗಿಸಿ ಕೂತಿದ್ದೆ. ಕೊನೆಯ ಭಾಗ ಬಂದಾಗ ಮೇಷ್ಟರು ಚಿತ್ರವನ್ನು ಅಲ್ಲೇ ನಿಲ್ಲಿಸಿದರು.

"ಇವರು ಯಾರಿಗೆ ಕಾಯ್ತಿದ್ದಾರೆ?"

ಹೇಳಿದೆ. ಅವರು ನಿಂತ ಚಿತ್ರದತ್ತ ಬೆರಳು ತೋರಿಸಿದರು.

"ನೀನು ಇವರನ್ನ ಹೆದರಿಸೋಕೆ ಹೋಗಿದೀಯ. ಇವರು ಹೆದರಬೇಕಾಗಿಲ್ಲಮ್ಮ. ಬಂದವನು ಬೇರೆಯವನು ಅಂತ ನೋಡೋರಿಗೆ ಗೊತ್ತು, ಇವರಿಗೆ ಗೊತ್ತಿಲ್ಲ. ಈ ಮುಖ ನೋಡಿ ನಮಗೆ ಹೆದರಿಕೆ ಆಗುತ್ತೆ. ಅವನು ಚಪ್ಪಲಿ ಬಿಟ್ಟೇ ಬರ್ಲಿ. ಯಂತ್ರದ ಸದ್ದು ಇರ್ಲಿ, ಆಮೇಲೆ ನಿಲ್ಲಲಿ. ಬಾಗಿಲು ತಟ್ಟೋದೆಲ್ಲ ಬೇಡ. ಈ ಮುಖ ತಗೊಂಡು ಬಾ."

ಫಿಲ್ಮು ಸಿಕ್ಕಿತು. ಸಿನಿಮಾ ಬಗ್ಗೆ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಮೇಷ್ಟರ ಆ ನಾಲ್ಕು ಮಾತಿನಲ್ಲೇ ಇತ್ತು. ಕಲಿತದ್ದು ಒಂದೂ ನಾನು ಬರೆದದ್ದರಲ್ಲಿ ಇರಲಿಲ್ಲ, ಎಲ್ಲವೂ ಕೆಟ್ಟುಹೋದದ್ದರಲ್ಲಿತ್ತು. ಅವತ್ತು ಬಸ್ಸಿನಲ್ಲಿ ಚಿಕ್ಕಬಳ್ಳಾಪುರದವರೆಗೂ ನಿಂತೇ ಬಂದೆ, ಕಾಲು ನೋಯಲಿಲ್ಲ. ಅಪ್ಪ ಆಗಲಿ ಎಂದರು.

ಶ್ರಾವಣ ಕಳೆದ ಮೇಲೆ ಕಾಲೇಜಿನ ಕ್ಯಾಮೆರಾ ಹೊತ್ತುಕೊಂಡು, ಅದೇ ಕೊಲೆಗಾರನನ್ನು ಕರೆದುಕೊಂಡು ಶಿಡ್ಲಘಟ್ಟಕ್ಕೆ ಹೋದೆವು. ಬರುತ್ತೇವೆಂದು ಮೊದಲೇ ಹೇಳಿ ಕಳಿಸಿದ್ದೆ. ಬೀದಿಗೆ ತಿರುಗಿ ನೋಡಿದರೆ ಚಿಕ್ಕಮ್ಮನ ಮನೆ ಬಾಗಿಲು ಹಾಕಿತ್ತು. ಹಗಲು ಹೊತ್ತಿನಲ್ಲಿ ಆ ಬಾಗಿಲು ಹಾಕಿದ್ದನ್ನು ನಾನು ಕಂಡದ್ದೇ ಅದು ಮೊದಲು. ಅದರ ಹಸಿರು ಬಣ್ಣ ಎಷ್ಟು ಮಾಸಿದೆಯೆಂದೂ ಅವತ್ತೇ ನೋಡಿದ್ದು. ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ನಾನು ಹಾಗೇ ಹೊರಟುಬಿಡುವವಳಿದ್ದೆ.

"ಒಳಗೇ ಅವ್ಳೆ. ತಟ್ಟು" ಎಂದಿತು ಎದುರುಮನೆಯ ಮುದುಕಿ.

ತಟ್ಟಿದೆ. ಉತ್ತರ ಬರಲಿಲ್ಲ. ಮತ್ತೆ ತಟ್ಟಿದೆ.

"ಯಾರು?"

ಆ ದನಿ ನನಗೆ ಗುರುತೇ ಸಿಗಲಿಲ್ಲ. ನಾನೇ, ಚಿಕ್ಕಮ್ಮ, ಎಂದೆ. ಒಳಗೆ ಚಿಲಕ ತೆಗೆದ ಸದ್ದಾಯಿತು, ಬಾಗಿಲು ಒಂದಿಷ್ಟೇ ತೆರೆಯಿತು. ಎದೆಯ ಮೇಲೆ ಕೈಯಿಟ್ಟುಕೊಂಡು ಚಿಕ್ಕಮ್ಮ ನಿಂತಿದ್ದಳು. ನಾನು ಮೊದಲು ಬರೆದಿದ್ದ ದೃಶ್ಯಕ್ಕೆ ಬೇಕಿದ್ದ ಮುಖ ಒಂದು ಕೂದಲೂ ಆಚೀಚೆಯಾಗದೆ ಅಲ್ಲಿತ್ತು. ಕೆನ್ನೆಯ ಮೇಲೆ ಚಾಪೆಯ ಗೆರೆಗಳಿದ್ದವು.

"ನೀನಾ. ಎದೆ ಝಲ್ ಅಂತು ಕಣಮ್ಮ."

ಬಾಗಿಲು ತೆರೆದಿಟ್ಟು ಕರೆಂಟು ಹೋಗುವ ಹೊತ್ತಿಗೆ ಕಾದು ಶುರು ಮಾಡಿದೆವು. ಹೆಜ್ಜೆ, ಒಂದು ಚಪ್ಪಲಿ, ಇನ್ನೊಂದು ಚಪ್ಪಲಿ. ನಾನು ಹೇಳಿಕೊಟ್ಟ ಹಾಗೆ ಚಿಕ್ಕಮ್ಮ ತಿರುಗಿದಳು. ಯಾರೋ ಬಂದರು, ನೋಡಿದಳು, ಅಷ್ಟೇ. ಮತ್ತೆ ಮಾಡಿಸಿದೆ. ಸೆರಗು ಸರಿಮಾಡಿಕೊ ಎಂದೆ, ಮಾಡಿಕೊಂಡಳು. ಬಾಯಿ ಸ್ವಲ್ಪ ತೆರಿ ಎಂದೆ, ತೆರೆದಳು. ಪಾಪ, ಹೇಳಿದ್ದನ್ನೆಲ್ಲ ಮಾಡಿದಳು. ಫಿಲ್ಮು ಸುಮ್ಮನೆ ಓಡುತ್ತಿತ್ತು. ನನಗೆ ಅವಳ ಮೇಲೆ ನಿಜವಾಗಿಯೂ ಸಿಟ್ಟು ಬಂತು.

"ಅವತ್ತು ಮಾಡಿದಂಗೆ ಮಾಡು ಚಿಕ್ಕಮ್ಮ."

"ಅವತ್ತು ನಾನೇನೂ ಮಾಡ್ಲಿಲ್ವಲ್ಲಮ್ಮ."

ಮೊರ ಕೆಳಗಿಟ್ಟು ಕಾಲು ಚಾಚಿ ಕೂತಳು. ಮಂಡಿ ಒತ್ತಿಕೊಳ್ಳುತ್ತ ಹೇಳಿದಳು: "ಟಿವೀಲಿ ನೋಡಿದ್ಮೇಲೆ ಸಾಕಾಗೋಯ್ತು ಕಣೇ. ಊರೋರೆಲ್ಲ ನೋಡ್ತಾವ್ರೆ, ನಂಗೊಬ್ಬಳಿಗೇ ಗೊತ್ತಿಲ್ಲ. ಎಷ್ಟು ವರ್ಷ ಅಂತ ಹಂಗೆ ಕತ್ತು ಎತ್ಕೊಂಡಿರೋದು? ಒಂದಿನ ಬಾಗ್ಲು ಹಾಕ್ಕೊಂಡು ನೋಡ್ದೆ. ಮಧ್ಯಾಹ್ನ ಮಲಗಿದ್ರೆ ನಿದ್ದೆ ಬರುತ್ತೆ ಕಣಮ್ಮ. ನಿದ್ದೆ ಬರುತ್ತೆ ಅನ್ನೋದೇ ಮರೆತೋಗಿತ್ತು ನಂಗೆ."

 ಉಳಿದಿದ್ದ ಫಿಲ್ಮಿನಲ್ಲಿ ನಾನು ಮೊದಲು ಬರೆದಿದ್ದ ಹಾಗೆಯೇ ತೆಗೆದೆ. ಬಾಗಿಲು ಹಾಕಿಸಿದೆ, ಹೊರಗಿನಿಂದ ತಟ್ಟಿಸಿದೆ. ಈ ಸಲ ಬಾಗಿಲು ಯಾಕೆಂದು ಅವಳು ಕೇಳಲಿಲ್ಲ. ಒಂದೇ ಸಲಕ್ಕೆ ಮುಗಿಯಿತು. ಕಾಲೇಜಿನಲ್ಲಿ ಅದನ್ನು ನೋಡಿದ ಮೇಷ್ಟರು, ಆ ಮುಖ ಎಲ್ಲಮ್ಮ ಎಂದು ಕೇಳಿದರು. ಪಾಸು ಮಾಡಿದರು, ಹೊಗಳಲಿಲ್ಲ. ತರಗತಿಯಲ್ಲಿ ತೋರಿಸಿ ವಾಪಸ್ಸು ಕೊಟ್ಟಿದ್ದ ಟೆಸ್ಟ್ ಶೂಟಿನ ಕ್ಯಾಸೆಟ್ಟನ್ನಾದರೂ ಇಟ್ಟುಕೊಳ್ಳೋಣವೆಂದು ವಿಡಿಯೋದವನನ್ನು ಹುಡುಕಿಕೊಂಡು ಹೋದರೆ, ಶ್ರಾವಣದಲ್ಲಿ ಮದುವೆಗಳು ಶುರುವಾಗಿ ಅವನು ಅದರ ಮೇಲೆ ಯಾರದೋ ಮದುವೆ ತೆಗೆದು ಕೊಟ್ಟುಬಿಟ್ಟಿದ್ದ. ಎಲ್ಲರೂ ಹಾಗೇ ಮಾಡುತ್ತಿದ್ದರು. ಆ ಮುಖ ಎಲ್ಲೂ ಉಳಿಯಲಿಲ್ಲ.

ಅವತ್ತು ಸಾಮಾನು ಕಟ್ಟಿಕೊಂಡು ಹೊರಟಾಗ ಚಿಕ್ಕಮ್ಮ ಹೊಸಿಲವರೆಗೆ ಬಂದಳು. ಕೊಲೆಗಾರ ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ.

"ಹುಷಾರಾಗಿ ಹೋಗ್ರಪ್ಪ" ಎಂದಳು.

ಮೊದಲೆಲ್ಲ ನಾವು ಬೀದಿ ತಿರುಗುವವರೆಗೂ ಅವಳು ಅಲ್ಲೇ ನಿಂತಿರುತ್ತಿದ್ದಳು. ನಮ್ಮನ್ನು ನೋಡಿಕೊಂಡು, ನಮ್ಮ ಆಚೆಗೂ ನೋಡಿಕೊಂಡು. ಆ ದಿನ ನಾವು ಎರಡು ಮನೆ ದಾಟುವಷ್ಟರಲ್ಲೇ ಹಿಂದೆ ಬಾಗಿಲು ಮುಚ್ಚಿತು, ಚಿಲಕ ಹಾಕಿದ ಸದ್ದು ಕೇಳಿಸಿತು. ಕರೆಂಟು ಇನ್ನೂ ಬಂದಿರಲಿಲ್ಲ.